ಬೋರಲು ಮಲಗಲು ಬಯಸುವ ಕೂಸು: ತಾಯಂದಿರು ತಿಳಿದಿರಬೇಕಾದ ಸಂಗತಿ



ಹೆರಿಗೆಯಾದ ತಾಯಂದಿರನ್ನು ಮನೆಗೆ ಕಳಿಸುವ ಮುನ್ನ ಕೂಡ್ರಿಸಿಕೊಂಡು ಕೂಸಿನ ಆರೈಕೆಯ ಪಾಠ ಹೇಳುವುದು ನನ್ನ ಕೆಲಸ. ಕೌಜಲಗಿ, ಕುಲಗೋಡ, ಬೆಟಗೇರಿ, ಯಾದವಾಡ ಕಡೆಯ ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಒಂದು ಮೇಲಿಂದ ಮೇಲೆ ಬರುತ್ತದೆ. "ಸಿಸ್ಟರ, ನಮ್ಮ ಕೂಸು ಡಬ್ಬ ಹಾಕಿದ್ರ ಚಲೋ ನಿದ್ದಿ ಮಾಡತೈತಿ. ಅಂಗಾತ ಹಾಕಿದ್ರ ಬೆಚ್ಚಿ ಬಿದ್ದು ಏಳತೈತಿ. ಡಬ್ಬನ ಹಾಕಿದ್ರ ಏನಾಕ್ಕೈತ್ರಿ?"

ಆ ತಾಯಿ ಹೇಳುವುದು ಸುಳ್ಳಲ್ಲ. ಬೋರಲು ಮಲಗಿದ ಕೂಸು ಹೆಚ್ಚು ಹೊತ್ತು, ಹೆಚ್ಚು ಗಾಢವಾಗಿ ನಿದ್ದೆ ಮಾಡುತ್ತದೆ. ಅಪಾಯವೂ ಅಲ್ಲಿಯೇ ಇದೆ. ಉಸಿರಿಗೆ ತೊಂದರೆಯಾದಾಗ ಆರೋಗ್ಯವಂತ ಕೂಸು ತಟ್ಟನೆ ಎಚ್ಚರಗೊಂಡು, ಮುಖ ಹೊರಳಿಸಿ, ಅತ್ತು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ. ಬೋರಲು ಮಲಗಿದಾಗ ಹೀಗೆ ಎಚ್ಚರಗೊಳ್ಳುವ ಶಕ್ತಿ ಕುಗ್ಗುತ್ತದೆ. ಮೂಗು ಬಾಯಿ ಹಾಸಿಗೆಗೆ ಒತ್ತಿಕೊಂಡು, ತಾನು ಬಿಟ್ಟ ಕೆಟ್ಟ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಮೈಯ ಕಾವೂ ಸರಿಯಾಗಿ ಹೊರಗೆ ಹೋಗುವುದಿಲ್ಲ. ರಾತ್ರಿ ಚೆನ್ನಾಗಿ ಹಾಲು ಕುಡಿದು ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ತೀರಿಹೋದರೆ ನಮ್ಮ ಹಳ್ಳಿಗಳಲ್ಲಿ ದೃಷ್ಟಿ ಎನ್ನುತ್ತಾರೆ, ಬಾಲಗ್ರಹ ಎನ್ನುತ್ತಾರೆ, ಕೆಲವರು ತಾಯಿಯನ್ನೇ ದೂರುತ್ತಾರೆ. ಇಂಥ ಹಠಾತ್ ಶಿಶುಮರಣಕ್ಕೆ ಎಲ್ಲ ಸಂದರ್ಭಗಳಲ್ಲಿಯೂ ಕಾರಣ ಸಿಗುವುದಿಲ್ಲ. ಆದರೆ ಬೋರಲು ಮಲಗಿಸಿದ ಕೂಸುಗಳಲ್ಲಿ ಇದು ಹೆಚ್ಚು ಎಂಬುದು ಖಚಿತವಾಗಿದೆ. ಎರಡರಿಂದ ನಾಲ್ಕು ತಿಂಗಳ ವಯಸ್ಸಿನಲ್ಲಿ ಭಯ ಅತಿ ಹೆಚ್ಚು.

ಇದು ಗೊತ್ತಾದದ್ದು ಹೇಗೆಂದರೆ, ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಒಂದು ಕಾಲಕ್ಕೆ ವೈದ್ಯರೇ ಬೋರಲು ಮಲಗಿಸಲು ಹೇಳುತ್ತಿದ್ದರು. ಕಕ್ಕಿದ ಹಾಲು ಗಂಟಲಿಗೆ ಸಿಗುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ನಂತರ ತಪ್ಪು ತಿಳಿದು, ಇಂಗ್ಲೆಂಡಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ನಿದ್ದೆಯಲ್ಲಿನ ಈ ಸಾವುಗಳು ಅರ್ಧಕ್ಕಿಂತ ಕಡಿಮೆಯಾದವು. ಔಷಧಿಯಿಲ್ಲ, ಯಂತ್ರವಿಲ್ಲ, ಬರೀ ಮಲಗಿಸುವ ರೀತಿ ಬದಲಾದದ್ದು. ನಮ್ಮ ಆಯಿಗಳು ತೊಟ್ಟಿಲಲ್ಲಿ ಕೂಸನ್ನು ಅಂಗಾತ ಹಾಕಿಯೇ ತೂಗುತ್ತಿದ್ದರು. ಈ ಒಂದು ವಿಷಯದಲ್ಲಿ ಅವರ ರೂಢಿಯೇ ಸರಿ.

ಹಾಲು ಗಂಟಲಿಗೆ ಸಿಕ್ಕೀತೆಂಬ ಭಯ

"ಅಂಗಾತ ಹಾಕಿದ್ರ ಕಕ್ಕಿದ ಹಾಲು ಉಸಿರಿನ ಕೊಳವಿಗೆ ಹೊಕ್ಕೀತು" ಎಂದು ಅನೇಕರು ಅಂಜುತ್ತಾರೆ. ನಿಜ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಕೊರಳಿನಲ್ಲಿ ಉಸಿರಿನ ಕೊಳವೆ ಮುಂದೆ, ಅನ್ನನಾಳ ಹಿಂದೆ ಇರುತ್ತದೆ. ಕೂಸು ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲೆ ಬರುತ್ತದೆ, ಅನ್ನನಾಳ ಕೆಳಗೆ ಉಳಿಯುತ್ತದೆ. ಮೇಲೆ ಬಂದ ಹಾಲು ತಿರುಗಿ ಅನ್ನನಾಳಕ್ಕೇ ಇಳಿಯುತ್ತದೆ. ಕೂಸು ಅದನ್ನು ನುಂಗುತ್ತದೆ ಇಲ್ಲವೇ ಕೆಮ್ಮಿ ಹೊರಹಾಕುತ್ತದೆ. ಬೋರಲು ಹಾಕಿದಾಗ ಉಸಿರಿನ ಕೊಳವೆಯೇ ಕೆಳಗಾಗುತ್ತದೆ. ಅಂಗಾತ ಮಲಗಿಸುವ ರೂಢಿ ಬಂದ ದೇಶಗಳಲ್ಲಿ ಹಾಲು ಸಿಕ್ಕಿ ತೀರಿಕೊಂಡ ಕೂಸುಗಳ ಸಂಖ್ಯೆ ಹೆಚ್ಚಲಿಲ್ಲ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ಸವರಿ ತೇಗು ಬರಿಸಿ, ಆಮೇಲೆ ಮಲಗಿಸಿದರೆ ಸಾಕು.

ಮಗ್ಗುಲಿಗೆ ಮಲಗಿಸಿದರೂ ಆಗುವುದಿಲ್ಲ. ಮಗ್ಗುಲು ನಿಲ್ಲದೆ ಕೂಸು ಸುಲಭವಾಗಿ ಬೋರಲಿಗೆ ಉರುಳುತ್ತದೆ.

"ಆಸ್ಪತ್ರ್ಯಾಗ ನೀವ ಡಬ್ಬ ಹಾಕಿದ್ರಲ್ಲರಿ?"

ಈ ಪ್ರಶ್ನೆ ಕೇಳಿದ ತಾಯಿಗೆ ಅವಳಿ ಕೂಸುಗಳಿದ್ದವು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಕಾಚಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅಲ್ಲಿ ಕೆಲವು ದಿನ ಬೋರಲು ಮಲಗಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಮನೆಯಲ್ಲಿಯೂ ಹಾಗೆಯೇ ಮಾಡುತ್ತಿದ್ದಳು. ತಪ್ಪು ಆಕೆಯದಲ್ಲ. ನಾವು ಹೇಳಬೇಕಾದ್ದನ್ನು ಬಿಡಿಸಿ ಹೇಳಿರಲಿಲ್ಲ.

ಎಳೆಯ ಕೂಸಿನ ಉಸಿರಾಟಕ್ಕೆ ಅನುಕೂಲವಾಗಲೆಂದು ಘಟಕದಲ್ಲಿ ಹಾಗೆ ಮಲಗಿಸುವುದುಂಟು. ಆದರೆ ಅಲ್ಲಿ ಕಾಲಿಗೆ ಯಂತ್ರದ ವಾಯರು ಇರುತ್ತದೆ, ಉಸಿರು, ನಾಡಿ ಸ್ವಲ್ಪ ಏರುಪೇರಾದರೂ ಗಂಟೆ ಹೊಡೆಯುತ್ತದೆ, ಹಗಲು ರಾತ್ರಿ ನರ್ಸ್ ಎಚ್ಚರವಿರುತ್ತಾಳೆ. ಮನೆಯಲ್ಲಿ ಇದ್ಯಾವುದೂ ಇಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಹಠಾತ್ ಮರಣದ ಭಯ ಬೇರೆಯವಕ್ಕಿಂತ ಹೆಚ್ಚಾದ್ದರಿಂದ, ಮನೆಗೆ ಹೋಗುವ ಮುನ್ನವೇ ಅದಕ್ಕೆ ಅಂಗಾತ ಮಲಗುವ ರೂಢಿ ಮಾಡಿಸಬೇಕು.

ಕಾಂಗರೂ ತಾಯಿ ಆರೈಕೆಯೂ ಬೇರೆ ಮಾತು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಯ ಮೇಲೆ, ಮೈಗೆ ಮೈ ತಾಗಿಸಿ ಕಟ್ಟಿಕೊಳ್ಳುವ ಈ ಪದ್ಧತಿಯನ್ನು 2010ರ ದಶಕದ ಕೊನೆಯಲ್ಲಿ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ್ದಾರೆ. ಅದನ್ನು ಬಿಡಬೇಡಿರಿ. ಅಲ್ಲಿ ತಾಯಿ ಒರಗಿ ಕುಳಿತಿರುತ್ತಾಳೆ, ಕೂಸಿನ ತಲೆ ಮೇಲಾಗಿ, ಮುಖ ಒಂದು ಕಡೆಗೆ ಹೊರಳಿ, ಮೂಗು ಬಾಯಿ ಕಾಣುತ್ತಿರುತ್ತದೆ. ತಾಯಿಗೆ ತೂಕಡಿಕೆ ಬಂದರೆ ಮನೆಯವರೊಬ್ಬರು ನೋಡಿಕೊಳ್ಳಬೇಕು, ಇಲ್ಲವೇ ಕೂಸನ್ನು ಬಿಚ್ಚಿ ಅಂಗಾತ ಮಲಗಿಸಬೇಕು.

ಹಾಗಾದರೆ ಅಳುವ ಕೂಸಿಗೆ ಏನು ಮಾಡುವುದು?

ಬೋರಲು ಇಷ್ಟಪಡುವ ಕೂಸಿಗೆ ಆ ಸುಖವನ್ನು ಎಚ್ಚರವಿದ್ದಾಗ ಕೊಡಿರಿ. ಹುಟ್ಟಿದ ಮೊದಲ ದಿನಗಳಿಂದಲೇ ದಿನಕ್ಕೆ ಎರಡು ಮೂರು ಸಲ, ಮೂರರಿಂದ ಐದು ನಿಮಿಷ, ಚಾಪೆಯ ಮೇಲೆ ಬೋರಲು ಹಾಕಿ ಎದುರಿಗೆ ಕುಳಿತು ಮಾತನಾಡಿಸಿರಿ. ಬರಬರುತ್ತ ಹೆಚ್ಚಿಸಿ, ಎಲ್ಲ ಸೇರಿ ದಿನಕ್ಕೆ ಅರ್ಧ ಗಂಟೆಯಾದರೂ ಆಗಲಿ. ಕೊರಳು, ತೋಳು ಗಟ್ಟಿಯಾಗುತ್ತವೆ. ತಲೆಯ ಹಿಂಭಾಗ ಚಪ್ಪಟೆಯಾಗುವುದೂ ತಪ್ಪುತ್ತದೆ. ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು ಇಡುತ್ತಾರೆ, ಅದರ ಅಗತ್ಯವಿಲ್ಲ. ಒಂದು ದಿನ ತಲೆ ತೊಟ್ಟಿಲಿನ ಈ ತುದಿಗೆ, ಮರುದಿನ ಆ ತುದಿಗೆ ಬರುವಂತೆ ಮಲಗಿಸಿದರೆ ಕೂಸು ಬೆಳಕಿನ ಕಡೆಗೆ, ತಾಯಿಯ ಕಡೆಗೆ ತಾನಾಗಿ ಮುಖ ಹೊರಳಿಸುತ್ತದೆ.

ಹೊಟ್ಟೆಯುಬ್ಬರದಿಂದ ಅಳುವಾಗ ಮುಂಗೈಯ ಮೇಲೆ ಬೋರಲು ಹಾಕಿಕೊಂಡು ಓಡಾಡಿದರೆ ಸುಮ್ಮನಾಗುತ್ತದೆ. ನಿದ್ದೆ ಹತ್ತಿದ ಕೂಡಲೇ ಅಂಗಾತ ಇಳಿಸಬೇಕು. ಇಳಿಸುವಾಗ ಮೊದಲು ಕುಂಡಿ, ಆಮೇಲೆ ಬೆನ್ನು, ಕೊನೆಗೆ ತಲೆ, ಎದೆಯ ಮೇಲೆ ಒಂದು ನಿಮಿಷ ಅಂಗೈ. ಬೆಚ್ಚಿ ಏಳುವುದು ಕಡಿಮೆಯಾಗುತ್ತದೆ. ನಾಲ್ಕೈದು ರಾತ್ರಿ ಕಷ್ಟವಾದೀತು, ನಂತರ ಹೆಚ್ಚಿನ ಕೂಸುಗಳು ಒಗ್ಗಿಕೊಳ್ಳುತ್ತವೆ. ನಿದ್ದೆಗೆಟ್ಟ ತಾಯಿಗೆ ಆ ನಾಲ್ಕೈದು ರಾತ್ರಿ ಸಣ್ಣ ಮಾತಲ್ಲ ಎಂಬುದು ನನಗೆ ಗೊತ್ತು. ಮನೆಯವರು ಸರದಿಯ ಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಗಂಡಸರೂ ಎತ್ತಿಕೊಳ್ಳಬಹುದು, ಕೈ ಸವೆಯುವುದಿಲ್ಲ.

ಕೂಸು ತಾನಾಗಿ ಎರಡೂ ಕಡೆಗೆ ಹೊರಳುವುದನ್ನು ಕಲಿತ ಮೇಲೆ, ಅಂಗಾತ ಮಲಗಿಸಿದ್ದು ನಿದ್ದೆಯಲ್ಲಿ ಬೋರಲಾದರೆ ರಾತ್ರಿಯಿಡೀ ಎದ್ದು ತಿರುಗಿಸುತ್ತ ಕೂಡ್ರಬೇಕಾಗಿಲ್ಲ. ಆದರೆ ಹೊರಳಲು ಯತ್ನಿಸುವ ಲಕ್ಷಣ ಕಂಡ ದಿನದಿಂದಲೇ ಕೈಕಾಲು ಕಟ್ಟಿದಂತೆ ಬಟ್ಟೆ ಸುತ್ತಿ ಮಲಗಿಸುವುದನ್ನು ಬಿಡಬೇಕು.

ಹಾಸಿಗೆ ಮತ್ತು ಕೋಣೆ

ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಲಿ. ಒಂದು ಕೌದಿಯನ್ನು ಬಿಗಿಯಾಗಿ ಮಡಚಿ ಹಾಸಿದರೆ ಸಾಕು. ಕೂಸಿನ ಸುತ್ತ ದಿಂಬು, ಗಂಟು, ದಪ್ಪ ಹೊದಿಕೆ ಬೇಡ. ಕೂಸು ತಾಯಿಯ ಹತ್ತಿರವೇ ಇರಲಿ, ಆದರೆ ಹಾಸಿಗೆ ಬೇರೆ ಇರಲಿ. ಸೀರೆಯ ಜೋಳಿಗೆಯಲ್ಲಿ ಗದ್ದ ಎದೆಗೆ ಒತ್ತಿ ಉಸಿರು ಸಣ್ಣದಾಗುತ್ತದೆ, ಆದ್ದರಿಂದ ನಿದ್ದೆ ಹತ್ತಿದ ಮೇಲೆ ಅದರಲ್ಲಿ ಬಿಡಬಾರದು. ಬೇಸಿಗೆಯಲ್ಲಿಯೂ ಕುಂಚಿಗೆ ಕಟ್ಟಿ ಮಲಗಿಸುವುದು ಬೇಡ. ಕೂಸಿನ ಎದೆ ಮುಟ್ಟಿ ನೋಡಿರಿ, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಬಾಗಿಲು ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡುವುದು, ಹೊಗೆ ಹಾಕುವುದು ತಾಯಿಗೂ ಕೂಸಿಗೂ ಅಪಾಯ. ಬೀಡಿ ಸೇದುವವರು ಆ ಕೋಣೆಗೆ ಬರುವುದೇ ಬೇಡ.

ಕೊರಳಲ್ಲಿ ದಾರ, ತಾಯಿತ, ಮಣಿಸರ ಇಟ್ಟು ಮಲಗಿಸಬಾರದು. ಲಿಂಗಧಾರಣೆಯಾದ ಕೂಸಿನ ಶಿವದಾರವೂ ಕೊರಳಿಗೆ ಸುತ್ತಿಕೊಳ್ಳಬಹುದು. ಮನೆಯ ಅಯ್ಯನವರನ್ನು ಕೇಳಿ, ನಿದ್ದೆಯ ಹೊತ್ತಿಗೆ ಲಿಂಗವು ತಾಯಿಯ ಬಳಿ ಇರುವಂತೆ ಮಾಡಿಕೊಳ್ಳಿರಿ.

ಮನೆ ಬದಲಾಗುವಾಗ ಎಚ್ಚರ

ಅಂಗಾತ ಮಲಗಿ ರೂಢಿಯಾದ ಕೂಸನ್ನು ಯಾರೋ ಒಂದು ದಿನ ಬೋರಲು ಹಾಕಿದರೆ, ಅಪಾಯ ಎಷ್ಟೋ ಪಟ್ಟು ಹೆಚ್ಚು. ನಮ್ಮಲ್ಲಿ ಬಾಣಂತನ ತವರುಮನೆಯಲ್ಲಿ ನಡೆಯುತ್ತದೆ, ಮೂರನೆಯ ಅಥವಾ ಐದನೆಯ ತಿಂಗಳಿಗೆ ತಾಯಿ ಗಂಡನ ಮನೆಗೆ ಬರುತ್ತಾಳೆ. ಕೂಸಿಗೆ ನಾಜೂಕಾದ ವಯಸ್ಸು ಅದೇ. ಅಲ್ಲಿಯ ಅತ್ತೆಯವರಿಗೆ, ನೆಗೆಣ್ಣಿಗೆ ಈ ಪಾಠ ಗೊತ್ತಿರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ತಾಯಿ ಹೊಲಕ್ಕೆ ಹೋದರೆ ಎಂಟು ಹತ್ತು ವರ್ಷದ ಅಕ್ಕನೇ ಕೂಸನ್ನು ನೋಡಿಕೊಳ್ಳುತ್ತಾಳೆ. ಅವರೆಲ್ಲರಿಗೂ ತೋರಿಸಿ ಹೇಳಿರಿ. ಈ ಹಾಳೆಯನ್ನು ಓದಿ ಹೇಳಿಸಿರಿ. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತಾಳೆ. ಕೂಸು ಮಲಗುವ ಜಾಗವನ್ನು ಆಕೆಗೆ ತೋರಿಸಿರಿ.

ಗದ್ದ ತೀರ ಸಣ್ಣದಿರುವ ಅಥವಾ ಉಸಿರಿನ ದಾರಿಯಲ್ಲಿ ದೋಷವಿರುವ ಕೆಲವೇ ಕೂಸುಗಳಿಗೆ ವೈದ್ಯರು ಬೇರೆ ರೀತಿ ಹೇಳಿರಬಹುದು. ಅಂಥವರು ವೈದ್ಯರ ಮಾತಿನಂತೆಯೇ ನಡೆಯಬೇಕು. ತುಟಿ ನೀಲಿಯಾದರೆ, ಪಕ್ಕೆ ಒಳಗೆ ಎಳೆದು ಉಸಿರಾಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಿನ ತನಕ ಕಾಯದೆ 108ಕ್ಕೆ ಫೋನ್ ಮಾಡಿರಿ.