ಗೊಂಚಲು ಆರಿಸಿ ಕೊಡಬೇಡ, ತಮ್ಮಾ

ತಮ್ಮಾ, ಅಕ್ಟೋಬರ್‌ನಲ್ಲಿ ಬಳ್ಳಿಯ ಚಾಟ್ನಿ (ಸವರುವಿಕೆ) ಆದಮೇಲೆ ಅಷ್ಟು ಮೋಡ ಕವಿದರೂ ದಾವಣಿ ರೋಗಕ್ಕೆ ನಿನ್ನ ದ್ರಾಕ್ಷಿ ಪಡ ಬಿಟ್ಟುಕೊಡಲಿಲ್ಲ. ಶಹಬ್ಬಾಸ್! ಆದರೆ ನಿನ್ನದು ಕುದುರೆ ಏರಿದ ಅವಸರ. ಯುರೋಪಿಗೆ ಮಾಲು ಅಂದ ಕೂಡಲೇ ಲ್ಯಾಬ್ ರಿಪೋರ್ಟು ನಾಳೆಯೇ ಕೈಗೆ ಬರಬೇಕು ಅಂತೀಯ. ಸ್ವಲ್ಪ ಕೂತು ಕೇಳು.

ಸ್ಯಾಂಪಲ್ ತೆಗೆಯುವವರು ಬಂದಾಗ ದಾರಿ ಬದಿಯ ಚೆಂದದ ಸಾಲಿಗೆ ಕರೆದೊಯ್ಯಬೇಡ. ಟ್ರ್ಯಾಕ್ಟರ್ ತಿರುಗುವ ಮೂಲೆಯಲ್ಲಿ ಔಷಧಿ ದುಪ್ಪಟ್ಟು ಬಿದ್ದಿರುತ್ತದೆ. ಅಲ್ಲಿಯ ಗೊಂಚಲೂ ಸ್ಯಾಂಪಲಿಗೆ ಹೋಗಲಿ. ತೊಳೆಯಲಂತೂ ಬೇಡ, ಪರೀಕ್ಷೆ ಆಗುವುದು ತೊಳೆಯದ ಹಣ್ಣಿಗೇ.

ಲ್ಯಾಬಿನಲ್ಲಿ ನಡೆಯುವುದೇನು ಗೊತ್ತೇ? ಹೆಚ್ಚಿನ ಔಷಧಿಗಳಿಗೆ ಹಣ್ಣನ್ನು ನುಣ್ಣಗೆ ಅರೆದು, ಅಸಿಟೋನೈಟ್ರೈಲ್ ಹಾಕಿ ಕುಲುಕಿ, ಉಪ್ಪು ಬೆರೆಸಿ, ಮೇಲೆ ನಿಂತ ತಿಳಿಯನ್ನು ಯಂತ್ರಕ್ಕೆ ಕೊಡುತ್ತಾರೆ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕಕ್ಕೆ ಈ ದಾರಿ ಆಗಿಬರದು. ಹಣ್ಣಿನ ರಸ ತಾಗಿದರೆ ಅದು ಒಡೆದು ಹೋಗುತ್ತದೆ. ಅದಕ್ಕೇ ಅರೆಯದೆ, ಆಮ್ಲ ಮತ್ತು ಸ್ಟ್ಯಾನಸ್ ಕ್ಲೋರೈಡ್ ಜೊತೆ ಕಾಯಿಸಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅಳೆಯುತ್ತಾರೆ. ನಿಮ್ಮತ್ತೆ ಬೆಳೆಯುವ ಎಲೆಕೋಸಿಗೆ ಏನೂ ಹೊಡೆಯದಿದ್ದರೂ ಆ ಅನಿಲ ಬಂದೀತು. ಕೋಸಿನೊಳಗೇ ಗಂಧಕ ಇದೆ. ಆದ್ದರಿಂದ ಅಂಕಿಯನ್ನು ಸರಿಯಾಗಿ ಓದಲು ಲ್ಯಾಬಿನವರಿಗೂ ನಿನ್ನ ಸಿಂಪಡಣೆ ವಹಿ ಬೇಕು. ದಿನಾಂಕ, ಔಷಧಿ, ಪ್ರಮಾಣ, ಎಲ್ಲ ಅಂದಂದೇ ಬರೆ.

2010ರಲ್ಲಿ ಏನಾಯಿತು ಅಂತ ಹಿರಿಯ ಬೆಳೆಗಾರರನ್ನು ಕೇಳು. ಯುರೋಪು ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕಂಡು ತಡೆಯಿತು. ಬಳ್ಳಿಯ ಬೆಳವಣಿಗೆ ಹಿಡಿದಿಡುವ ಆ ಔಷಧಿ ಇಲ್ಲಿ ಪರೀಕ್ಷಿಸುವ ಪಟ್ಟಿಯಲ್ಲೇ ಇರಲಿಲ್ಲ! ಹುಡುಕದ್ದು ಯಂತ್ರಕ್ಕೂ ಸಿಗುವುದಿಲ್ಲ. ಚೀಟಿ ಇಲ್ಲದ ‘ಟಾನಿಕ್’ ಬಾಟಲಿ ಯಾರು ಕೊಟ್ಟರೂ ಮುಟ್ಟಬೇಡ. ಬೇರೆ ಮಿತಿ ಗೊತ್ತು ಮಾಡದ ಔಷಧಿಗೆ ಯುರೋಪು ಬಿಡುವುದು ಕಿಲೋಗೆ 0.01 ಮಿಲಿಗ್ರಾಂ ಮಾತ್ರ. ಅಂದರೆ 100 ಟನ್ ಹಣ್ಣಿನಲ್ಲಿ 1 ಗ್ರಾಂ.

ಸ್ಯಾಂಪಲ್ ಹೋದಮೇಲೆ ಮೋಡ ಬಂತು ಅನ್ನು. ನಿನ್ನ ಕೈ ತುರಿಸುತ್ತದೆ, ನನಗೆ ಗೊತ್ತು. ಹೊಡೆಯಲೇಬೇಕಾದರೆ ಹೊಡಿ. ಆದರೆ ಹಳೆಯ ರಿಪೋರ್ಟು ಹರಿದು ಹಾಕಿ, ಲೇಬಲಿನಲ್ಲಿ ಬರೆದಷ್ಟು ದಿನ ಕಾದು, ಹೊಸ ಸ್ಯಾಂಪಲ್ ಕೊಡು. ಖರ್ಚಿಗೆ ಮುಖ ಸಿಂಡರಿಸಬೇಡ. ಯುರೋಪಿನವರು ಬೇಡವೆಂದ ಹಣ್ಣು ವಿಜಯಪುರದ ಸಂತೆಗೆ ನಡೆದೀತು ಅಂತ ಮಾತ್ರ ನನ್ನೆದುರು ಆಡಬೇಡ. ಅಲ್ಲಿ ತಿನ್ನುವವರೂ ಎಳೆಮಕ್ಕಳೇ.