ಒಪ್ಪಿಗೆ ಪತ್ರದ ಕೊನೆಯ ಸಾಲು

ಹೋಬಳಿ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದ ಕೂಡಲೇ ನಾನು ಆಟಗಾರ ಮಕ್ಕಳನ್ನು ಶಾಲೆಯ ಜಗಲಿಯ ಮೇಲೆ ಕೂರಿಸಿ ಒಪ್ಪಿಗೆ ಪತ್ರ ಬರೆಸುತ್ತಿದ್ದೆ. ನಾನು ಹೇಳುತ್ತಾ ಹೋಗುವುದು, ಅವರು ಬರೆದುಕೊಳ್ಳುವುದು. ಕೊನೆಯ ಸಾಲು ಯಾವಾಗಲೂ ಒಂದೇ: “ಆಟದ ವೇಳೆ ನನ್ನ ಮಗುವಿಗೆ ಏನಾದರೂ ತೊಂದರೆಯಾದಲ್ಲಿ ಶಾಲೆಯವರಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ.” ಮಾರನೆಯ ದಿನ ಅಪ್ಪನ ಸಹಿಯೋ ಅಮ್ಮನ ಹೆಬ್ಬೆಟ್ಟೋ ಬಿದ್ದು ಬರುತ್ತಿತ್ತು. ಈ ಸಾಲನ್ನು ನನಗೆ ಕಲಿಸಿದವರು ನನಗಿಂತ ಮೊದಲಿದ್ದ ಪಿ.ಟಿ. ಮೇಷ್ಟ್ರು. ಹೊಳೆಹೊನ್ನೂರು ಸೀಮೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದಷ್ಟು ಕಾಲ ಎಷ್ಟು ಮಕ್ಕಳ ಕೈಲಿ ಅದನ್ನು ಬರೆಸಿದ್ದೇನೋ ಲೆಕ್ಕವಿಲ್ಲ.

ಅರ್ಹತೆಯ ಕಾಗದಗಳ ವಿಷಯದಲ್ಲಿ ಮಾತ್ರ ನಾನು ಬಲು ಬಿಗಿ. 14ರ ಒಳಗಿನವರು, 17ರ ಒಳಗಿನವರು ಎಂದು ಬೇರೆ ಬೇರೆ ಕಡತ. ಜನ್ಮದಿನಾಂಕದ ದಾಖಲೆ, ವಿದ್ಯಾರ್ಥಿಯ ಸ್ಯಾಟ್ಸ್ ನೋಂದಣಿ ಸಂಖ್ಯೆ, ಫೋಟೊದ ಮೇಲೆ ಅಡ್ಡಲಾಗಿ ಮುಖ್ಯ ಶಿಕ್ಷಕರ ಸಹಿ, ಮೊಹರು. ಎದುರಾಳಿ ತಂಡದವರು ವಯಸ್ಸಿನ ಮೇಲೆ ಆಕ್ಷೇಪಣೆ ಎತ್ತಿದರೆ ನಿಂತ ಜಾಗದಲ್ಲೇ ಕಾಗದ ತೋರಿಸುತ್ತಿದ್ದೆ. ಹುಡುಗ ಆಡಬಹುದೇ ಎಂಬ ಪ್ರಶ್ನೆಗೆ ಅಷ್ಟೊಂದು ಕಾಗದವಿತ್ತು. ಆಡುತ್ತಾ ಬಿದ್ದರೆ ಏನು ಎಂಬುದಕ್ಕೆ ನನ್ನ ಬಳಿ ಇದ್ದದ್ದು ಆ ಒಂದು ಸಾಲು ಮಾತ್ರ.

2019, ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ ವರ್ಷ. ಮಳೆ ಕಡಿಮೆಯಾದ ಮೇಲೆ ಆಗಸ್ಟ್ ಕೊನೆಗೆ ಕಬಡ್ಡಿ ಪಂದ್ಯ ನಡೆಯಿತು. ಅಂಕಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಜಾರುತ್ತಿತ್ತು. ನಮ್ಮ ಒಳ್ಳೆಯ ರೈಡರ್, ಒಂಬತ್ತನೇ ತರಗತಿಯ ಹುಡುಗ, ಬೋನಸ್ ಗೆರೆ ಮುಟ್ಟಿ ತಿರುಗುವಾಗ ಕಾಲು ಸಿಕ್ಕಿತು. ಬಲಗೈ ಊರಿ ಬಿದ್ದ, ಅವನ ಮೇಲೆ ಇಬ್ಬರು ಬಿದ್ದರು. ಮುಂಗೈಯ ಎರಡೂ ಮೂಳೆ ಮುರಿದಿದ್ದವು. ಅವನ ತಾಯಿ ಭದ್ರಾ ನಾಲೆಯ ಕೆಳಗಿನ ಗದ್ದೆಯೊಂದರಲ್ಲಿ ನಾಟಿ ಕೆಲಸಕ್ಕೆ ಹೋಗಿದ್ದರು. ಫೋನು ಮನೆಯಲ್ಲಿತ್ತು.

ಯಾರದೋ ಓಮ್ನಿಯಲ್ಲಿ ಅವನನ್ನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆ. ನನ್ನ ಮೊದಲ ತಪ್ಪು ಅದೇ. ಸರ್ಕಾರದ ಯೋಜನೆ ಇದೆಯಲ್ಲ, ಯಾವ ಆಸ್ಪತ್ರೆಯಾದರೇನು ಎಂದುಕೊಂಡಿದ್ದೆ. ಅಲ್ಲಿ 15,000 ರೂಪಾಯಿ ಮುಂಗಡ ಕೇಳಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇರುವುದು ನಿಜ. ಆದರೆ ಜೀವಕ್ಕೆ ಅಪಾಯವಿರುವ ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ್ದಕ್ಕೆ ಮಾತ್ರ ಅವರ ಶಿಫಾರಸು ಪತ್ರದೊಂದಿಗೆ ಖಾಸಗಿಗೆ ಬರಬೇಕು. ಇದನ್ನು ನಾನು ಕೌಂಟರಿನ ಮುಂದೆ ನಿಂತು ಕಲಿತೆ. ಇನ್ನೊಂದು ಸಂಗತಿಯೂ ಅಲ್ಲೇ ಗೊತ್ತಾಯಿತು. ರೇಷನ್ ಕಾರ್ಡ್ ಮಾಡಿಸುವಾಗ ಹುಡುಗ ಅಜ್ಜಿ ಮನೆಯಲ್ಲಿದ್ದನಂತೆ. ಹೆಸರು ಸೇರಿಸುವ ಕೆಲಸ ಹಾಗೇ ಉಳಿದಿತ್ತು. ಮನೆ ಬಿಪಿಎಲ್, ಮಗ ಕಾರ್ಡಿನಲ್ಲೇ ಇಲ್ಲ. ಕಾರ್ಡಿನಲ್ಲಿ ಇಲ್ಲದವನು ಆ ಲೆಕ್ಕದಲ್ಲಿ ಸಾಮಾನ್ಯ ವರ್ಗ. ಆ ವರ್ಗದವರಿಗೆ ಸರ್ಕಾರ ಕೊಡುವುದು ನಿಗದಿತ ಪ್ಯಾಕೇಜ್ ದರದ ಶೇ. 30 ಮಾತ್ರ.

ಸಂಜೆ ತಾಯಿ ಬಂದರು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಮಗನ ಕೈ ನೋಡಿದರು, ತಲೆ ಸವರಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: “ಸಾರ್, ಅವತ್ತು ಬರ್ಸಿಕೊಂಡಿದ್ರಲ್ಲ, ಏನಾದ್ರೂ ಆದ್ರೆ ನಾವೇ ನೋಡ್ಕೋಬೇಕು ಅಂತ. ಆ ಕಾಗ್ದ ಇನ್ನೂ ನಿಮ್ಮತ್ರ ಇದೆಯಾ?”

ಅವರು ಜಗಳಕ್ಕೆ ಕೇಳಿದ್ದಲ್ಲ. ಹೆಬ್ಬೆಟ್ಟು ಹಾಕಿಬಿಟ್ಟಿದ್ದೇನೆ, ಈಗ ಸಹಾಯ ಕೇಳಲೂ ಬಾರದೇನೋ ಎಂಬ ಭಯ ಅವರದು. ನಾನು ರಕ್ಷಣೆಗೆಂದು ಬರೆಸಿದ್ದು ಒಬ್ಬ ಕೂಲಿ ಹೆಂಗಸಿನ ಬಾಯಿ ಕಟ್ಟಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಶಿಕ್ಷಕರು ಸ್ವಲ್ಪ ಕೂಡಿಸಿದೆವು, ತಾಯಿ ಗದ್ದೆಯವರ ಹತ್ತಿರ ಕೈಸಾಲ ಮಾಡಿದರು. ಮರುದಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ಅಲ್ಲೇ ಪ್ಲೇಟ್ ಹಾಕಿಸಿದ್ದಾಯಿತು. ಮೂಳೆ ಕೂಡಿತು. ಆದರೆ ಆಮೇಲಿನ ವ್ಯಾಯಾಮ ಚಿಕಿತ್ಸೆಗೆ ವಾರಕ್ಕೆ ಮೂರು ದಿನ ಬರಬೇಕಿತ್ತು. ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ. ಎರಡು ವಾರ ಬಂದರು, ನಿಲ್ಲಿಸಿದರು. ಇವತ್ತಿಗೂ ಅವನಿಗೆ ಬಲ ಅಂಗೈ ಪೂರ್ತಿ ಮೇಲ್ಮುಖವಾಗಿ ಮಗುಚಲು ಬರುವುದಿಲ್ಲ. ದೇವಸ್ಥಾನದಲ್ಲಿ ತೀರ್ಥಕ್ಕೆ ಕೈ ಒಡ್ಡುವಾಗ ಭುಜವನ್ನೇ ಬಾಗಿಸುತ್ತಾನೆ.

ಆಮೇಲೆ ನಾನು ವಿಮೆಯ ಬೆನ್ನು ಹತ್ತಿದೆ. ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇತ್ತು. ಆಗ ವರ್ಷಕ್ಕೆ 12 ರೂಪಾಯಿ, ಈಗ 20. ಆದರೆ ಅದು 18 ತುಂಬಿದವರಿಗೆ ಮಾತ್ರ. ವಿಮಾ ಕಂಪನಿಗಳಲ್ಲಿ ಶಾಲೆಗಳಿಗೆಂದೇ ಗುಂಪು ಅಪಘಾತ ವಿಮೆ ಸಿಗುತ್ತದೆ. ಅದರಲ್ಲಿ ದಪ್ಪಕ್ಷರದ ಮೊತ್ತ ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಅಂಗಳದಲ್ಲಿ ನಾವು ದಿನವೂ ನೋಡುವ ಮುರಿತ, ಉಳುಕು, ಹೊಲಿಗೆಗಳಿಗೆ ವೈದ್ಯಕೀಯ ವೆಚ್ಚದ ಭಾಗ ಬೇರೆ. ಅದನ್ನು ಕೇಳಿ ಸೇರಿಸಿಕೊಳ್ಳಬೇಕು, ಅದರ ಮಿತಿ ನೋಡಬೇಕು, ಊರಾಚೆಯ ಪಂದ್ಯಕ್ಕೂ ಪ್ರಯಾಣಕ್ಕೂ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲೇ ಪಡೆಯಬೇಕು. ಸಹಕಾರ ಸಂಘದ ಸದಸ್ಯರ ಮಕ್ಕಳಿಗೆ 2022ರಲ್ಲಿ ಮತ್ತೆ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಗದ್ದೆ ತೋಟ ಇದ್ದವರಿಗೆ ಅದು ಅನುಕೂಲ. ಆದರೆ ನನ್ನ ಕಬಡ್ಡಿ ತಂಡದ ಹೆಚ್ಚಿನ ಮಕ್ಕಳು ಆ ಗದ್ದೆ ತೋಟಗಳಲ್ಲಿ ಕೂಲಿ ಮಾಡುವವರ ಮನೆಯವರು.

2021ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ಶಿಬಿರಗಳ ಮತ್ತು ಖೇಲೋ ಇಂಡಿಯಾ ಕ್ರೀಡಾಪಟುಗಳಿಗೆ 5 ಲಕ್ಷದ ಆರೋಗ್ಯ ವಿಮೆ, 25 ಲಕ್ಷದ ಅಪಘಾತ ವಿಮೆ ಪ್ರಕಟಿಸಿದಾಗ ನನಗೆ ಸಂತೋಷವೇ ಆಯಿತು. ಆದರೆ ಆ ಮಟ್ಟಕ್ಕೆ ಏರುವವನು ಮೊದಲು ಹೋಬಳಿಯ ಜಾರುವ ಅಂಕಣದಲ್ಲೇ ಆಡಬೇಕಲ್ಲ? ಜರ್ಮನಿಯಲ್ಲಿ 1971ರಿಂದ ಶಾಲೆಗೆ ಹೋಗುವ ಪ್ರತಿ ಮಗುವೂ ಕಾನೂನಿನ ಪ್ರಕಾರವೇ ಅಪಘಾತ ವಿಮೆಯೊಳಗಿದೆ. ಆಟದ ಅವಧಿಯೂ ಸೇರಿದೆ, ಮನೆಯಿಂದ ಶಾಲೆಗೆ ಹೋಗಿಬರುವ ದಾರಿಯೂ ಸೇರಿದೆ. ಯಾರೂ ಅರ್ಜಿ ಹಾಕಬೇಕಿಲ್ಲ. ನಮ್ಮ ಸರ್ಕಾರ ಕ್ರೀಡಾಕೂಟ ನಡೆಸುವ ಹಣದಲ್ಲೇ ಇಂಥ ವಿಮೆಗೊಂದು ಪಾಲು ತೆಗೆದಿಡಬೇಕು ಎಂದು ನಾನು ಸಭೆ ಸಭೆಯಲ್ಲಿ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ದೈಹಿಕ ಅರ್ಹತೆಯ ಪ್ರಮಾಣಪತ್ರದಲ್ಲೂ ನಾನು ಕಣ್ಣು ಮುಚ್ಚಿದ್ದೆ. ಒಟ್ಟಿಗೆ ಇಪ್ಪತ್ತು ಕಾಗದ ಒಯ್ದು ಸಹಿ ಹಾಕಿಸಿ ತರುವುದಷ್ಟೇ ಆಗಿತ್ತು. ಖೊಖೊ ಆಡುವ ಹುಡುಗಿಯೊಬ್ಬಳು ಬೆನ್ನಟ್ಟುವಾಗ ಕಣ್ಣು ಕತ್ತಲೆ ಬಂದು ಕುಸಿದ ಮೇಲೆ ಎಚ್ಚರವಾಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದು ಬರೆದಿಟ್ಟು ಹೋದ ಪುಸ್ತಕದಲ್ಲಿ ಅವಳಿಗೆ ರಕ್ತಹೀನತೆ ಎಂದು ಮೊದಲೇ ಇತ್ತು. ನಾನು ಆ ಪುಸ್ತಕ ತೆರೆದೇ ಇರಲಿಲ್ಲ. ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಅವಳು ಕಿಟಕಿಯಿಂದ ಎಸೆಯುತ್ತಿದ್ದಳು. ಅಲ್ಲಿಂದ ಮುಂದೆ ತಂಡ ಆರಿಸುವ ಮೊದಲು ಆ ಪುಸ್ತಕ ನೋಡಿದೆ, ಮಾತ್ರೆಯನ್ನು ನನ್ನೆದುರೇ ನುಂಗಿಸಿದೆ.

ನಿವೃತ್ತಿಯ ಹಿಂದಿನ ವರ್ಷ ಒಪ್ಪಿಗೆ ಪತ್ರವನ್ನು ಬದಲಿಸಿದೆ. ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿದೆಯೇ, ಆಧಾರಿನ ಹೆಸರಿಗೆ ಹೊಂದುತ್ತದೆಯೇ, ಗದ್ದೆಯಲ್ಲಿದ್ದರೆ ಯಾರ ಫೋನಿಗೆ ಕರೆ ಮಾಡಬೇಕು ಎಂದೆಲ್ಲ ಕೇಳಿದೆ. ಹೆಸರಿಲ್ಲದ ಮಕ್ಕಳಿಗೆ ಜೂನ್‌ನಲ್ಲೇ ಅರ್ಜಿ ಹಾಕಿಸಿದೆ. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಮೊದಲು ಒಪ್ಪಲಿಲ್ಲ, ಆಮೇಲೆ ಗುಂಪು ವಿಮೆಗೂ ಮೊದಲ ದಿನದ ಖರ್ಚಿಗೂ ಒಂದಿಷ್ಟು ಹಣ ಇಟ್ಟರು.

ಆ ವರ್ಷ ಖೊಖೊ ತಂಡದಲ್ಲಿ ಕೈ ಮುರಿದುಕೊಂಡಿದ್ದ ಆ ಹುಡುಗನ ತಂಗಿಯೂ ಇದ್ದಳು. ತಾಯಿ ಪತ್ರ ಹಿಡಿದುಕೊಂಡು ಶಾಲೆಗೇ ಬಂದರು. “ಕೊನೇ ಸಾಲು ಓದಿ ಸಾರ್” ಎಂದರು. ಓದಿದೆ: “ಮಗುವಿಗೆ ಪೆಟ್ಟಾದಲ್ಲಿ ಶಾಲೆಯವರು ಕೂಡಲೇ ಚಿಕಿತ್ಸೆ ಕೊಡಿಸಿ ನನಗೆ ತಿಳಿಸತಕ್ಕದ್ದು.”

“ದುಡ್ಡು?”

“ಮೊದಲ ದಿನದ್ದು ಶಾಲೆ ಕೊಡುತ್ತೆ. ಆಮೇಲಿಂದು ಕಾರ್ಡಲ್ಲಿ ಆಗುತ್ತೆ, ಇಲ್ಲಾಂದ್ರೆ ವಿಮೆಯಲ್ಲಿ.”

“ನನ್ನ ಕೂಲಿ?”

“ಅದನ್ನ ಯಾರೂ ಕೊಡಲ್ಲ ಕಣಮ್ಮ.”

ಸ್ವಲ್ಪ ಹೊತ್ತು ಮೈದಾನದ ಕಡೆ ನೋಡಿದರು. ಮಗಳು ಕಂಬದ ಹತ್ತಿರ ತಿರುಗಿ ಓಡುತ್ತಿದ್ದಳು. ಆಮೇಲೆ ಇಂಕಿನ ಪ್ಯಾಡು ಕೇಳಿದರು.