ಮುಚ್ಚಿದ ಬಾಗಿಲು, ಹಸಿದ ಊರು

ಯೌವನಸ್ಥರ ಕೂಟ – ವಾಕ್ಯ ಅಧ್ಯಯನ
ಓದಬೇಕಾದ ಭಾಗ: 2 ಅರಸುಗಳು 6:24 – 7:16



ಈ ಭಾಗದ ಮೇಲೆ ಪ್ರಸಂಗ ಮಾಡುವಾಗ ನಾವು ಸಾಮಾನ್ಯವಾಗಿ ನೇರವಾಗಿ ಅದ್ಭುತಕ್ಕೆ ಹೋಗಿಬಿಡ್ತೀವಿ. ಒಂದೇ ರಾತ್ರಿಯಲ್ಲಿ ಶತ್ರು ಸೈನ್ಯ ಓಡಿಹೋಯ್ತು, ಹಲ್ಲೆಲೂಯಾ! ಆದರೆ ಅದಕ್ಕೆ ಮುಂಚೆ ಆ ಊರಿನೊಳಗೆ ಏನಾಗ್ತಿತ್ತು? ಅರಾಮ್ಯರ ಅರಸನು ಸಮಾರ್ಯಕ್ಕೆ ಮುತ್ತಿಗೆ ಹಾಕಿ ದಾರಿಗಳನ್ನು ಮುಚ್ಚಿಸಿದ. ಅಷ್ಟೇ ಸಾಕಾಯ್ತು. ಅಶುದ್ಧವೆಂದು ಯಾರೂ ಮುಟ್ಟದ ಕತ್ತೆಯ ತಲೆಗೆ 80 ಬೆಳ್ಳಿ ನಾಣ್ಯ ಬೆಲೆ ಬಂತು. ಆ ಇಬ್ಬರು ತಾಯಂದಿರ ಮಾತನ್ನಂತೂ ಗಟ್ಟಿಯಾಗಿ ಓದಲಿಕ್ಕೂ ಆಗಲ್ಲ. ನಮಗೆ ಮೊಬೈಲಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಹಾಲು, ಬ್ರೆಡ್ ಬಾಗಿಲಿಗೆ ಬರುತ್ತೆ. ಹಾಗಾಗಿ ಇದು ಯಾವುದೋ ಹಳೇ ಕಾಲದ ಕಥೆ ಅನ್ನಿಸಬಹುದು. ಅಲ್ಲ ಪ್ರಿಯರೇ.

1. ಹಸಿವು ತಾನಾಗಿ ಬರಲಿಲ್ಲ

ಆಫ್ರಿಕಾದ ನೈಜೀರಿಯಾ ದೇಶ. 1966ರಲ್ಲಿ ಅದರ ಉತ್ತರ ಭಾಗದಲ್ಲಿ ಇಗ್ಬೋ ಜನರ ಕಗ್ಗೊಲೆ ನಡೆಯಿತು. ಬದುಕುಳಿದವರು ಪೂರ್ವ ಭಾಗಕ್ಕೆ ಓಡಿಬಂದರು. 1967ರ ಮೇ 30ರಂದು ಆ ಪೂರ್ವ ಭಾಗ 'ಬಯಾಫ್ರಾ' ಎಂಬ ಹೆಸರಲ್ಲಿ ತಾನು ಬೇರೆ ದೇಶ ಅಂತ ಘೋಷಿಸಿಕೊಂಡಿತು. ಜುಲೈನಲ್ಲಿ ಯುದ್ಧ ಶುರುವಾಯ್ತು. ನೈಜೀರಿಯಾ ಸರ್ಕಾರ ಸಮುದ್ರ ಮತ್ತು ಭೂಮಾರ್ಗಗಳನ್ನು ಮುಚ್ಚಿತು. 1968ರ ಮೇ ತಿಂಗಳಲ್ಲಿ ಪೋರ್ಟ್ ಹಾರ್ಕೋರ್ಟ್ ಬಂದರೂ ಕೈತಪ್ಪಿತು.

ಅಲ್ಲಿ ಬೆಳೆಯೇ ಇರಲಿಲ್ಲವಾ? ಇತ್ತು. ಮರಗೆಣಸು ಇತ್ತು. ಆದರೆ ಮಾಂಸ ಬರ್ತಾ ಇದ್ದದ್ದು ಉತ್ತರದ ದನಗಳಿಂದ, ಒಣಮೀನು ಬರ್ತಾ ಇದ್ದದ್ದು ಹಡಗಿನಿಂದ. ಎರಡೂ ನಿಂತವು. ಉಪ್ಪಿಗೂ ಪರದಾಟ ಆಯ್ತು. ಬರೀ ಗೆಣಸು ತಿಂದ ಮಕ್ಕಳಿಗೆ ಪ್ರೋಟೀನ್ ಸಿಗದೆ ಕ್ವಾಶಿಯೋರ್ಕರ್ ಎಂಬ ರೋಗ ಬಂತು: ಕಾಲು ಬಾತುಕೊಳ್ಳುತ್ತೆ, ಹೊಟ್ಟೆ ಉಬ್ಬುತ್ತೆ, ಕೂದಲು ಕೆಂಚಗಾಗುತ್ತೆ. ನೋಡಿದವರಿಗೆ ಮಗು ದಪ್ಪಗಿದೆ ಅನ್ನಿಸುತ್ತೆ, ಆದರೆ ಅದು ಸಾಯ್ತಾ ಇರುತ್ತೆ. 1970ರ ಜನವರಿಯಲ್ಲಿ ಯುದ್ಧ ಮುಗಿಯುವಾಗ ಸತ್ತವರು 5 ಲಕ್ಷ ಎನ್ನುವ ಅಂದಾಜಿದೆ, 20 ಲಕ್ಷಕ್ಕೂ ಹೆಚ್ಚು ಎನ್ನುವ ಅಂದಾಜೂ ಇದೆ. ಬಹಳ ಮಂದಿ ಸತ್ತದ್ದು ಗುಂಡಿನಿಂದಲ್ಲ, ಹಸಿವಿನಿಂದ.

2. ರಾತ್ರಿ ಹಾರಿದ ವಿಮಾನಗಳು

ಆಗ ಪ್ರಾಟೆಸ್ಟೆಂಟ್ ಮತ್ತು ಕಥೋಲಿಕ ಸಭೆಗಳು ಸೇರಿ 'ಜಾಯಿಂಟ್ ಚರ್ಚ್ ಏಡ್' ಎಂಬ ಒಕ್ಕೂಟ ಕಟ್ಟಿದವು. ಸಾವೊ ತೊಮೆ ದ್ವೀಪದಿಂದ ರಾತ್ರಿ ಹೊತ್ತು ವಿಮಾನ ಹೊರಡುತ್ತಿತ್ತು. ಇಳಿಯುತ್ತಿದ್ದದ್ದು ಊಲಿ ಎಂಬಲ್ಲಿ, ಅಗಲ ಮಾಡಿದ ಒಂದು ರಸ್ತೆಯ ಮೇಲೆ. ಬಾಂಬ್ ಬೀಳುವ ಭಯಕ್ಕೆ ವಿಮಾನ ಹತ್ತಿರ ಬಂದಾಗ ಮಾತ್ರ ದೀಪ ಹಚ್ಚುತ್ತಿದ್ದರು. ಹೀಗೆ 5 ಸಾವಿರಕ್ಕೂ ಹೆಚ್ಚು ಬಾರಿ ಹಾರಿ, ಸುಮಾರು 60 ಸಾವಿರ ಟನ್ ಆಹಾರ, ಔಷಧಿ ಮುಟ್ಟಿಸಿದರು. ಪ್ರಾಣ ಕೊಟ್ಟ ಪೈಲಟ್‌ಗಳೂ ಇದ್ದಾರೆ. ಒಕ್ಕೂಟದ ಇಂಗ್ಲಿಷ್ ಮೊದಲಕ್ಷರಗಳನ್ನು ಹಿಡಿದು ಜನ ತಮಾಷೆಗೆ ಅದನ್ನು 'ಜೀಸಸ್ ಕ್ರೈಸ್ಟ್ ಏರ್‌ಲೈನ್ಸ್' ಅಂತ ಕರೆದರು.

3. ಒಂದು ಕಷ್ಟದ ವಿಷಯ

ಇದನ್ನ ಮುಚ್ಚಿಡಬಾರದು. ಊಲಿಯಲ್ಲೇ ಶಸ್ತ್ರಾಸ್ತ್ರದ ವಿಮಾನಗಳೂ ಇಳಿಯುತ್ತಿದ್ದವು. ಈ ಸಹಾಯದಿಂದಲೇ ಯುದ್ಧ ಉದ್ದವಾಯ್ತು ಎನ್ನುವವರು ಇದ್ದಾರೆ. ಸರ್ಕಾರ ಭೂಮಾರ್ಗದಲ್ಲಿ ಆಹಾರ ಬಿಡ್ತೀವಿ ಅಂದಾಗ ಬಯಾಫ್ರಾದ ನಾಯಕರು ಒಪ್ಪಲಿಲ್ಲ. ನೈಜೀರಿಯಾದ ಮುಖ್ಯಸ್ಥ ಯಾಕುಬು ಗೋವನ್ ಕೂಡ ಕ್ರೈಸ್ತ ಸೇವಕರ ಮನೆಯಲ್ಲಿ ಬೆಳೆದವರೇ. ಎರಡು ಕಡೆಯೂ ಪ್ರಾರ್ಥನೆ ಮಾಡುವವರಿದ್ದರು, ಮಧ್ಯದಲ್ಲಿ ಮಕ್ಕಳು ಸಾಯ್ತಾ ಇದ್ದರು.

ಯುದ್ಧದ ಸುದ್ದಿ ಬಂದ ಕೂಡಲೇ ನಾವು ಕೇಳೋ ಮೊದಲ ಪ್ರಶ್ನೆ ಏನು? "ಯಾರ ಕಡೆ ಸರಿ?" ಆ ಪ್ರಶ್ನೆ ಬೇಕು. ಆದರೆ ಉತ್ತರ ಸಿಗೋ ತನಕ ಆ ಮಗು ಕಾಯಲ್ಲ. 1977ರ ಜಿನೀವಾ ಹೆಚ್ಚುವರಿ ಒಪ್ಪಂದ ನಾಗರಿಕರನ್ನು ಹಸಿವಿನಿಂದ ಸಾಯಿಸುವುದನ್ನು ಯುದ್ಧದ ವಿಧಾನವಾಗಿ ಬಳಸಬಾರದು ಅಂತ ನಿಷೇಧಿಸಿದೆ. ಯಾವ ಪಕ್ಷಕ್ಕೂ ಅದರಲ್ಲಿ ವಿನಾಯಿತಿ ಇಲ್ಲ.

4. ಬಾಗಿಲ ಹೊರಗಿನ ನಾಲ್ವರು

ಈಗ ಸಮಾರ್ಯಕ್ಕೆ ಬನ್ನಿ. ಒಳ್ಳೇ ಸುದ್ದಿ ತಂದವರು ಯಾರು? ಅರಸನಲ್ಲ, ಸರದಾರನಲ್ಲ. ಊರು ಹೊರಗಿಟ್ಟಿದ್ದ ನಾಲ್ವರು ಕುಷ್ಠರೋಗಿಗಳು. ಅವರೂ ಮೊದಲು ತಿಂದರು, ಕುಡಿದರು, ಬೆಳ್ಳಿಬಂಗಾರ ಬಚ್ಚಿಟ್ಟರು. ಆಮೇಲೆ ಮನಸ್ಸು ಚುಚ್ಚಿತು: ಒಳಗೆ ಜನ ಹಸಿದಿರುವಾಗ ನಾವು ಸುಮ್ಮನಿರುವುದು ತಪ್ಪು. ತಮ್ಮನ್ನು ಹೊರಗಿಟ್ಟ ಊರಿಗೇ ಆ ರಾತ್ರಿಯೇ ಹೋಗಿ ಹೇಳಿದರು. ಬೆಳಗಾಗಲಿ ಅಂತ ಕಾಯಲಿಲ್ಲ.

ಪ್ರಿಯರೇ, ನಾವು ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತೀವಿ, ಬಿಡುಗಡೆಗಾಗಿ ಉಪವಾಸ ಮಾಡ್ತೀವಿ. ಒಳ್ಳೇದು. ಆದರೆ ನಮ್ಮ ಉಪವಾಸ ಸಂಜೆ ಊಟದ ಹೊತ್ತಿಗೆ ಮುಗಿಯುತ್ತೆ. ಅವರದ್ದು ಮುಗಿಯಲ್ಲ. ಆತ್ಮನಿಂದ ತುಂಬಿದ ಹೃದಯಕ್ಕೆ ಆ ವ್ಯತ್ಯಾಸ ಚುಚ್ಚಬೇಕು.

ಗುಂಪಿನಲ್ಲಿ ಮಾತಾಡಿ

– ಯುದ್ಧದ ಸುದ್ದಿ ನೋಡಿದಾಗ ನಾನು ಮೊದಲು ಹುಡುಕುವುದು ಶತ್ರುವನ್ನಾ, ಹಸಿದವರನ್ನಾ?
– ಈ ವಾರದ ಉಪವಾಸದಲ್ಲಿ ಉಳಿದ ಊಟದ ಹಣ ಎಲ್ಲಿಗೆ ಹೋಗಬೇಕು?
– ನನಗೆ ಇಷ್ಟವಿಲ್ಲದ ಪಕ್ಷದ ಮಕ್ಕಳಿಗಾಗಿ ಹೆಸರು ಹಿಡಿದು ಪ್ರಾರ್ಥಿಸಿದ್ದೀನಾ?

ಕರ್ತನು ನಮಗೆ ಸುಮ್ಮನಿರಲಾಗದ ಹೃದಯ ಕೊಡಲಿ. ಆಮೆನ್.